ಒಂದೇ ಒಲೆ, ಎರಡು ಪಾಲಿಸಿ

ತೂಕದಣ್ಣ ಆ ಸಂಜೆ ತಟ್ಟೆಯ ಮುಂದೆ ಕೂತವನು ಅನ್ನಕ್ಕೆ ಕೈ ಹಾಕುವ ಮೊದಲೇ ಮಾತಿಗೆ ಕೈ ಹಾಕಿದ. ಪಶು ಆಹಾರದ ಕಾರ್ಖಾನೆಯ ಗೇಟಿನಲ್ಲಿ ಲಾರಿಗಳನ್ನು ತೂಗುವ ಕೆಲಸ ಅವನದು. ತುಂಬಿದ ಲಾರಿಯನ್ನು ಒಮ್ಮೆ, ಖಾಲಿಯಾದ ಮೇಲೆ ಇನ್ನೊಮ್ಮೆ ತೂಗಿ ತೂಗಿ ಮನೆಯಲ್ಲೂ ಅವನಿಗೆ ಅದೇ ಚಾಳಿ. ಯಾವ ಮಾತನ್ನೂ ಎರಡು ಸಲ ಹೇಳದೆ ಸಮಾಧಾನವಿಲ್ಲ.

“ಇನ್ಶೂರೆನ್ಸಿಗೆ ಸಂಬಳದಲ್ಲಿ ಜಾಸ್ತಿ ಹಿಡೀತಾರಂತೆ,” ಎಂದ. “ಮುಂದಿನ ತಿಂಗಳಿಂದ ಜಾಸ್ತಿ ಹಿಡೀತಾರಂತೆ ಕಣಮ್ಮ.”

“ಯಾಕಂತೆ?” ಅಂದರು ಅವನ ತಾಯಿ.

“ಎಲ್ಲರ ಮನೆ ಮುದುಕರೂ ಆಸ್ಪತ್ರೆ ಮೆಟ್ಟಿಲು ಹತ್ತಿ ಹತ್ತಿ ಕಂಪನಿಯ ಸೊಂಟ ಮುರಿದಿದ್ದಾರಂತೆ.”

“ನಾನಂತೂ ಒಂದು ಮೆಟ್ಟಿಲೂ ಹತ್ತಿಲ್ಲಪ್ಪ.”

“ಅದಕ್ಕೇ ಹೇಳ್ತಿರೋದು. ಹೆಂಡತಿಗೆ ಬೇರೆ ಕಡೆ ಪಾಲಿಸಿ ಇದ್ರೆ ಇದನ್ನ ಬಿಡಬಹುದಂತೆ. ಬಿಟ್ಟರೆ ಆ ದುಡ್ಡು ಕೈಗೇ ಬರುತ್ತೆ. ತಿಂಗಳ ಕೊನೆಯೊಳಗೆ ಬರೆದು ಕೊಡಬೇಕು. ನಮ್ಮನೇಲಿ ಈಗ ಇವಳದ್ದು ಇದೆಯಲ್ಲ.”

ಇವಳು ಎಂದರೆ ಒಲೆಯ ಹತ್ತಿರ ನಿಂತಿದ್ದ ಸೊಸೆ. ಊರಾಚೆಯ ಕೋಳಿಮರಿ ಕೇಂದ್ರದಲ್ಲಿ ಮರಿಗಳನ್ನು ಹೆಣ್ಣು ಗಂಡು ಬೇರೆ ಮಾಡುವ ಕೆಲಸ ಅವಳದು. ಐದು ವರ್ಷ ದಿನಗೂಲಿಗೆ ದುಡಿದವಳನ್ನು ಈಚೆಗೆ ಕಾಯಂ ಮಾಡಿದ್ದರು. ಕಾಯಂ ಆದವರಿಗೆ ಮನೆಮಂದಿಗೆಲ್ಲ ಆರೋಗ್ಯ ವಿಮೆ ಬರುತ್ತಿತ್ತು.

“ಎರಡೂ ಇಟ್ಕೋಬಹುದು,” ಅವಳು ಬೇಳೆಯ ಪಾತ್ರೆ ಇಳಿಸುತ್ತ ಹೇಳಿದಳು. “ಗಂಡನದೂ ಇರಬಹುದು, ಹೆಂಡತಿಯದೂ ಇರಬಹುದು, ತಪ್ಪೇನಿಲ್ಲವಂತೆ. ಒಂದರಲ್ಲಿ ಸಾಲದೆ ಬಂದದ್ದನ್ನ ಇನ್ನೊಂದರಲ್ಲಿ ಕೇಳಬಹುದಂತೆ.”

“ಒಂದು ಬಾಯಿಗೆ ಎರಡು ತಟ್ಟೆ ಯಾಕಮ್ಮ?” ಅತ್ತೆ ಅಂದರು. “ಕಾಯಿಲೆಗೆ ಚಾಪೆ ಹಾಸಿ ಕರೀತೀಯೇನು? ನೀನೇ ಹೇಳೇ ಗುಬ್ಬಿ, ಎರಡು ಕೊಡೆ ಹಿಡ್ಕೊಂಡು ಸ್ಕೂಲಿಗೆ ಹೋಗ್ತೀಯಾ?”

ಎಂಟನೇ ತರಗತಿಯ ಮೊಮ್ಮಗಳು ತಟ್ಟೆಯಿಂದ ತಲೆಯೆತ್ತಿದಳು. “ಒಂದನ್ನ ಅಲ್ಲೇ ಮರೆತು ಬರ್ತೀನಲ್ಲ ಅಜ್ಜಿ, ಇನ್ನೊಂದು ಬೇಕಾಗುತ್ತೆ.”

“ನಿನಗೆ ತಲೆಯೇ ಎರಡು ಬೇಕು.”

ತೂಕದಣ್ಣ ನಕ್ಕ. “ಇನ್ಶೂರೆನ್ಸ್ ಕಾಗದ ನೋಡೋ ನಮ್ಮ ಗುಮಾಸ್ತನಿಗೆ ಮಾತ್ರ ಬೇಜಾರಾಗುತ್ತೆ. ಯಾರ ಬಿಲ್ಲು ಬಂದ್ರೂ ಅವನಿಗೆ ಅದೇ ಸಿನಿಮಾ. ಮೊನ್ನೆ ಡ್ರೈವರೊಬ್ಬ ಮೂಲವ್ಯಾಧಿ ಆಪರೇಷನ್ ಬಿಲ್ಲು ಕೊಟ್ಟ. ಸಂಜೆ ಟೀ ಅಂಗಡೀಲಿ ಇವನು, ‘ಏನಣ್ಣ, ಈಗ ಕೂರೋಕಾಗುತ್ತಾ?’ ಅಂತ ಕೂಗಿದ ನೋಡು! ಅವತ್ತಿಂದ ಅವನ ಹೆಸರೇ ನಿಂತ ಡ್ರೈವರ್.”

ಗುಬ್ಬಿ ನೀರು ಕುಡಿಯುತ್ತಿದ್ದವಳು ನೆತ್ತಿಗೆ ಹತ್ತಿಸಿಕೊಂಡಳು. ಅತ್ತೆ ಮಾತ್ರ ನಗಲಿಲ್ಲ. ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆಮೇಲೆ ಅದನ್ನು ನುಂಗಿ, “ಬಿಟ್ಟುಬಿಡು ಆ ದರಿದ್ರ ಪಾಲಿಸೀನ. ಇವಳದ್ದೇ ಸಾಕು. ಉಳಿದ ದುಡ್ಡಲ್ಲಿ ನಿನ್ನ ಗಾಡಿಗೆ ಕಂತು ಕಟ್ಟು,” ಅಂದರು.

ಗಾಡಿಯ ಹೆಸರು ಬಂದ ಮೇಲೆ ತೂಕದಣ್ಣನಿಗೆ ಬೇರೇನೂ ತೂಗುವುದಿರಲಿಲ್ಲ. ಅವನ ಹಳೆಯ ಬೈಕು ಏರಿನಲ್ಲಿ ಹತ್ತಿದರೆ ಇಳಿಜಾರಿನಲ್ಲಿ ನಿಲ್ಲುತ್ತಿತ್ತು. “ನೀನೇನಂತೀಯ?” ಎಂದು ಹೆಂಡತಿಯನ್ನು ಕೇಳಿದ.

“ಹೇಳೋದು ಹೇಳಿದೆ. ಇನ್ನು ನಿಮ್ಮಿಷ್ಟ,” ಎಂದು ಅವಳು ಅತ್ತೆಯ ತಟ್ಟೆಗೆ ಇನ್ನೊಂದು ಸೌಟು ಬೇಳೆ ಬಡಿಸಿದಳು.

ಅವಳ ಪಾಲಿಸಿಯಲ್ಲಿ ಅತ್ತೆಯ ಹೆಸರಿರಲಿಲ್ಲ. ಕೋಳಿಮರಿ ಕೇಂದ್ರದ ನಿಯಮದಲ್ಲಿ ಗಂಡ, ಮಕ್ಕಳು, ಅವರ ಜೊತೆಗೆ ಒಂದು ಕಡೆಯ ಹೆತ್ತವರು ಮಾತ್ರ. ತನ್ನವರಾದರೂ ಸರಿ, ಗಂಡನ ಕಡೆಯವರಾದರೂ ಸರಿ. ಒಮ್ಮೆ ಬರೆಸಿದರೆ ವರ್ಷದ ನಡುವೆ ಬದಲಿಸುವಂತಿರಲಿಲ್ಲ. ಅವಳು ತನ್ನ ತಾಯಿಯನ್ನು ಬರೆಸಿದ್ದಳು. ಮನೆಯಲ್ಲಿ ಯಾರೂ ಕೇಳಲಿಲ್ಲ. ತನಗೆ ಪಾಲಿಲ್ಲದ್ದು ಆ ಮನೆಯ ಹೊಸಿಲು ದಾಟಿ ಬರುವುದುಂಟೇ ಎಂಬುದು ಅತ್ತೆಯ ಲೆಕ್ಕ. ಕೇಳದವರಿಗೆ ಹೇಳುವ ಗೋಜಿಗೆ ಸೊಸೆ ಹೋಗಲಿಲ್ಲ.

ಇದಕ್ಕೆ ನಾಲ್ಕು ವರ್ಷದ ಹಿಂದಿನದೊಂದು ಊಟವಿತ್ತು. ಇದೇ ಮನೆ, ಇದೇ ಸಾಲು. ಅವಳ ತಾಯಿಯ ಕಣ್ಣಿನಲ್ಲಿ ಒತ್ತಡ ಏರಿದೆ, ಬೇಗ ಆಪರೇಷನ್ ಆಗದಿದ್ದರೆ ಒಂದು ಕಣ್ಣು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಸ್ವಲ್ಪ ಹೆಚ್ಚು ಕಟ್ಟಿದರೆ ತೂಕದಣ್ಣನ ಪಾಲಿಸಿಗೆ ಹೆಂಡತಿಯ ತಾಯಿಯನ್ನೂ ಸೇರಿಸಬಹುದಿತ್ತು. ಅವಳು ಕೇಳಿದಳು. ಅತ್ತೆ ಬೆರಳು ಚೀಪುತ್ತ, “ಇನ್ನೊಂದು ಕಣ್ಣಿದೆಯಲ್ಲ ಅವರಿಗೆ. ಈ ವಯಸ್ಸಲ್ಲಿ ಇನ್ನೇನು ನೋಡಬೇಕಂತೆ?” ಅಂದರು. ತೂಕದಣ್ಣ ಉಣ್ಣುತ್ತಲೇ ಇದ್ದ. ಅವಳ ತಮ್ಮ ಅಲ್ಲಿ ಇಲ್ಲಿ ಹೊಂದಿಸಿ ತಾಯಿಯನ್ನು ಕರೆದೊಯ್ಯುವ ಹೊತ್ತಿಗೆ ಆ ಕಣ್ಣು ಕಲ್ಲಾಗಿತ್ತು. ಸೊಸೆಗೆ ಇವತ್ತಿಗೂ ಉರಿಯುವುದು ಆ ಮಾತಿಗಿಂತ ಹೆಚ್ಚಾಗಿ ತನ್ನ ಕೈಯ ಮೇಲೆ. ಆ ಮಾತು ಕೇಳಿದ ಮೇಲೂ ಅತ್ತೆಯ ತಟ್ಟೆಗೆ ಅನ್ನ ಬಡಿಸಿತ್ತು ಆ ಕೈ.

ಮರುದಿನ ಕೆಲಸದಲ್ಲಿ ಮರಿಗಳ ಡಬ್ಬ ಒಂದರ ಹಿಂದೆ ಒಂದು ಬಂದವು. ನಿನ್ನೆಯಷ್ಟೇ ಚಿಪ್ಪು ಒಡೆದ ಮರಿಗಳು. ಒಂದನ್ನು ಅಂಗೈಯಲ್ಲಿ ಎತ್ತಬೇಕು, ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಬೇಕು. ಗರಿ ಒಂದು ಉದ್ದ ಒಂದು ಗಿಡ್ಡ ಇದ್ದರೆ ಹೆಣ್ಣು, ಎಲ್ಲ ಸಮವಿದ್ದರೆ ಗಂಡು. ಹೆಣ್ಣು ಬಲಕ್ಕೆ, ಗಂಡು ಎಡಕ್ಕೆ. ಹಳದಿ ಪುಕ್ಕ ಮೂಗಿಗೆ ಕಟ್ಟಿದ ಬಟ್ಟೆಯನ್ನೂ ದಾಟಿ ಒಳಗೆ ಹೋಗುತ್ತಿತ್ತು.

“ಈ ಒಂದು ಜಾಗದಲ್ಲೇ ಕಣೇ ಹೆಣ್ಣು ಹುಟ್ಟಿದ್ರೆ ಬಲಕ್ಕೆ ಕೂರಿಸೋದು,” ಪಕ್ಕದ ಪೀಠದಲ್ಲಿ ಕೂರುವ, ಎಲ್ಲರೂ ‘ಉದ್ದಕ್ಕ’ ಎಂದು ಕರೆಯುವ ಎತ್ತರದ ಹೆಂಗಸು ದಿನವೂ ಹೇಳುವ ಜೋಕನ್ನು ಹೇಳಿದಳು.

ಮಧ್ಯಾಹ್ನ ಸೊಸೆ ಕೈ ತೊಳೆದು ಆಫೀಸಿಗೆ ಹೋದಳು. ಅಲ್ಲಿ ವಿಮೆಯ ಕೆಲಸ ನೋಡುವಾಕೆಗೆ ಎಲ್ಲರೂ ಕನ್ನಡಕದಮ್ಮ ಅನ್ನುತ್ತಿದ್ದರು.

“ಗಂಡನದು ಬಿಡ್ತಾರಂತೆ. ಬಿಟ್ರೆ ನಮ್ಮತ್ತೆಗೆ ಏನೂ ಇರಲ್ಲ ಅಲ್ವಾ?”

“ಏನೂ ಇರಲ್ಲ. ನಿನ್ನದರಲ್ಲಿ ನಿಮ್ಮಮ್ಮ ತಾನೇ ಇರೋದು?” ಕನ್ನಡಕದಮ್ಮ ಪೆನ್ನು ಕೆಳಗಿಟ್ಟರು. “ಎರಡೂ ಇಟ್ಕೊಳ್ಳೋಕೆ ಹೇಳು. ಅವರದರಲ್ಲಿ ಅವರಮ್ಮ, ನಿನ್ನದರಲ್ಲಿ ನಿಮ್ಮಮ್ಮ. ನೀವಿಬ್ರು, ಮಗು, ಎರಡರಲ್ಲೂ ಇರ್ತೀರ. ನಿನಗೆ ಕಾಯಿಲೆ ಬಂದ್ರೆ ಮೊದಲು ಇಲ್ಲಿಂದ, ಸಾಲದಿದ್ರೆ ಮಿಕ್ಕಿದ್ದು ಅಲ್ಲಿಂದ. ಒಂದೇ ಬಿಲ್ಲಿಗೆ ಎರಡೂ ಕಡೆ ದುಡ್ಡು ಎತ್ತೋ ಹಾಗಿಲ್ಲ, ಅಷ್ಟೇ. ಮನೇಲಿ ಹೇಳಿದ್ಯಾ?”

“ಎರಡು ಇರಬಹುದು ಅಂತ ಹೇಳಿದೆ. ಒಂದು ಬಾಯಿಗೆ ಎರಡು ತಟ್ಟೆ ಯಾಕೆ ಅಂದ್ರು.”

“ಹೆಸರಿಲ್ಲ ಅನ್ನೋದು?”

“ಕೇಳಿದ್ರೆ ಹೇಳ್ತೀನಿ.”

ಕನ್ನಡಕದಮ್ಮ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. “ನಿನ್ನ ಮನೆ ಜಗಳಕ್ಕೆ ನನ್ನ ಮೇಜು ಬಳಸ್ಬೇಡ ತಾಯಿ,” ಅಂದರು.

ಭಾನುವಾರ ಅವಳು ಬಸ್ಸು ಹತ್ತಿ ತಾಯಿಯ ಮನೆಗೆ ಹೋದಳು. ತಾಯಿ ಜಗಲಿಯಲ್ಲಿ ಕಾಳು ಆರಿಸುತ್ತಿದ್ದಳು. ಕುರುಡು ಕಣ್ಣಿನ ಕಡೆ ಬಿದ್ದ ಕಾಳನ್ನು ಬೆರಳಿನಲ್ಲಿ ತಡವಿ ಹುಡುಕುತ್ತಿದ್ದಳು. ಉಳಿದ ಕಣ್ಣಿಗೂ ಒತ್ತಡ ಶುರುವಾಗಿತ್ತು. ಖರ್ಚಿಗೆ ಈಗ ಹೆದರಬೇಕಾದ್ದಿಲ್ಲ, ತೋರಿಸೋಣ ಎಂದು ಮಗಳು ವಿಮೆಯ ಸಂಗತಿ ಹೇಳಿದಳು.

“ಅಂದ್ರೆ ನಿಮ್ಮತ್ತೆ ಹೆಸರು ಬಿಟ್ಟು ನನ್ನದು ಬರೆಸಿದ್ಯಾ?”

“ಹೂಂ.”

“ಅವಳಿಗೆ ಗೊತ್ತಾ?”

“ಗೊತ್ತಾಗುತ್ತೆ.”

ತಾಯಿ ಮೊರವನ್ನು ಬದಿಗಿಟ್ಟು ನಕ್ಕಳು. ಹಲ್ಲಿಲ್ಲದ ಬಾಯಿ ಪೂರ್ತಿ ಬಿಟ್ಟು ನಕ್ಕಳು. “ಗೊತ್ತಾಗೋ ದಿನ ನನ್ನ ಕರಿಯೇ. ಒಂದೇ ಕಣ್ಣಾದ್ರೂ ಚೆನ್ನಾಗಿ ನೋಡ್ತೀನಿ.”

ಮುಂದಿನ ಎರಡು ವಾರ ಅತ್ತೆ ವಿಚಿತ್ರವಾಗಿ ನಡೆದುಕೊಂಡರು. ಸೊಸೆ ಕೆಲಸದಿಂದ ಬರುವಷ್ಟರಲ್ಲಿ ನೀರು ಕಾದಿರುತ್ತಿತ್ತು. ಮೊದಲೆಲ್ಲ “ಮೈಯೆಲ್ಲ ಕೋಳಿ ನಾತ, ಒಳಗೆ ಬರಬೇಡ” ಅನ್ನುತ್ತಿದ್ದವರು ಈಗ, “ದಣಿದು ಬಂದಿದ್ಯ, ಕೂತ್ಕೋ” ಅನ್ನುತ್ತಿದ್ದರು. ಆದರೆ ತಮ್ಮ ಬಟ್ಟೆಯನ್ನು ಮಾತ್ರ ಸೊಸೆಯ ಕೈಗೆ ಕೊಡುತ್ತಿರಲಿಲ್ಲ. ಎಲ್ಲರೂ ಹೊರಗೆ ಹೋದ ಮೇಲೆ ತಾವೇ ಒಗೆದು, ದೊಡ್ಡ ಹೊದಿಕೆಯ ಅಡಿಯಲ್ಲಿ ಒಣಗಲು ಹಾಕುತ್ತಿದ್ದರು. ನಾನು ಮುಟ್ಟಿದರೆ ಮೈಲಿಗೆಯಾಗುತ್ತೇನೋ ಎಂದುಕೊಂಡು ಸೊಸೆ ಅದನ್ನೂ ಹಳೆಯ ಬಾಬತ್ತಿಗೆ ಸೇರಿಸಿಕೊಂಡಳು.

“ಅಜ್ಜಿ ಯಾಕೆ ನಿನ್ನ ಹತ್ತಿರ ಇಷ್ಟು ಮೆತ್ತಗೆ ಮಾತಾಡ್ತಾರೆ?” ಗುಬ್ಬಿ ಕೇಳಿದಳು.

“ಬೆಕ್ಕು ಕಣ್ಣು ಮುಚ್ಚಿದ್ರೆ ಹಾಲಿನ ಪಾತ್ರೆ ನೋಡ್ಕೋಬೇಕು.”

ಒಂದು ಮಧ್ಯಾಹ್ನ ಅವಳಿಗೆ ರಜೆ. ಗಂಡ ಕಾರ್ಖಾನೆಯಲ್ಲಿ, ಗುಬ್ಬಿ ಶಾಲೆಯಲ್ಲಿ. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಸೊಸೆ ಬಟ್ಟೆ ಬಡಿಯುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ನಿಂತರು. ಕೂರಲಿಲ್ಲ. ಗೋಡೆಗೆ ಕೈ ಕೊಟ್ಟು ನಿಂತರು.

“ನಿಮ್ಮ ಆಫೀಸಲ್ಲಿ ಆಸ್ಪತ್ರೆ ಬಿಲ್ಲು ನೋಡೋರು ಹೆಂಗಸಾ?”

“ಹೂಂ, ಹೆಂಗಸೇ.”

“ಬಾಯಿ ಗಟ್ಟಿನಾ?”

“ಯಾಕತ್ತೆ?”

ಅತ್ತೆ ಬೇಲಿಯ ಆಚೆ ಈಚೆ ನೋಡಿದರು. ಮಾತು ಹೊರಡುವ ಮೊದಲು ಮುಖವೆಲ್ಲ ಬೆವರಿತು. “ನನಗೆ ಕೆಳಗೆ... ಇಳಿದುಬಿಟ್ಟಿದೆ ಕಣೆ. ಗರ್ಭಕೋಶ. ಇವನು ಹುಟ್ಟಿದ ಮೇಲಿಂದಲೇ ಶುರು. ಆಗ ಮಲಗಿದ್ರೆ ಒಳಗೆ ಹೋಗ್ತಿತ್ತು. ಈಗ ಹೋಗಲ್ಲ. ಬಟ್ಟೆ ಕಟ್ಕೊಂಡು ಓಡಾಡ್ತಿದೀನಿ. ಉಜ್ಜಿ ಉಜ್ಜಿ ಹುಣ್ಣಾಗಿದೆ. ಉಚ್ಚೆಯೂ ಸರಿಯಾಗಿ ಹೋಗಲ್ಲ. ಹೋದ ತಿಂಗಳು ತಂಗಿ ಮನೆಗೆ ಅಂತ ಹೋದೆನಲ್ಲ, ತಂಗಿ ಮನೆಗಲ್ಲ, ಲೇಡಿ ಡಾಕ್ಟರ ಹತ್ತಿರ. ಇನ್ನು ತಡ ಮಾಡಿದ್ರೆ ಕೆಟ್ಟದ್ದಕ್ಕೆ ತಿರುಗುತ್ತೆ, ತೆಗೆದುಬಿಡಬೇಕು ಅಂದ್ರು.”

ಸೊಸೆಯ ಕೈಯಲ್ಲಿದ್ದ ಬಟ್ಟೆಯಿಂದ ನೀರು ಸೋರುತ್ತಿತ್ತು. “ಅದಕ್ಕಾ ಅವರ ಪಾಲಿಸಿ ಬಿಡು ಅಂದಿದ್ದು?”

“ಮತ್ತೆ? ಆ ಗುಮಾಸ್ತನ ಬಾಯಿಗೆ ನನ್ನ ಗರ್ಭಕೋಶ ಕೊಡ್ಲಾ? ಟೀ ಅಂಗಡೀಲಿ ನನ್ನ ಮಗನಿಗೆ ಏನಂತ ಹೆಸರಿಡ್ತಿದ್ರು ಹೇಳು! ಅದು ಇದ್ರೆ ತಾನೇ ಅಲ್ಲಿಗೆ ಹೋಗು ಅನ್ನೋದು. ನಿನ್ನದೊಂದೇ ಇದ್ರೆ ಹೆಂಗಸರ ಮಾತು ಹೆಂಗಸರಲ್ಲೇ ಮುಗಿಯುತ್ತೆ. ಇವನಿಗೆ ಹೊಟ್ಟೆಯಲ್ಲಿ ಗಂಟು ಅಂತ ಹೇಳಿದ್ರಾಯ್ತು.”

ಸೊಸೆ ಬಟ್ಟೆಯನ್ನು ಕಲ್ಲಿನ ಮೇಲಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ನಾಲ್ಕು ವರ್ಷ ಕಾದವಳಿಗೆ ಇನ್ನೊಂದು ಗಳಿಗೆ ಏನೂ ಅಲ್ಲ.

“ನಿಮ್ಮ ಹೆಸರು ಅದರಲ್ಲಿ ಇಲ್ಲ ಅತ್ತೆ.”

“ಇಲ್ಲ ಅಂದ್ರೆ?”

“ಇಲ್ಲ ಅಂದ್ರೆ ಇಲ್ಲ. ಒಂದೇ ಕಡೆಯವರನ್ನ ಬರೆಸೋದು. ನಮ್ಮಮ್ಮನ್ನ ಬರೆಸಿದೀನಿ. ಅವಳಿಗೆ ಇನ್ನೊಂದು ಕಣ್ಣಿದೆಯಲ್ಲ, ಅದಕ್ಕೆ.”

ನಲ್ಲಿಯ ಕೆಳಗಿನ ಬಕೆಟ್ಟು ತುಂಬಿ ಹರಿಯಿತು. ಇಬ್ಬರೂ ಅದನ್ನು ನಿಲ್ಲಿಸಲಿಲ್ಲ.

“ನಾಲ್ಕು ವರ್ಷದಿಂದ ಬಾಯಲ್ಲೇ ಇಟ್ಕೊಂಡಿದ್ಯಾ ಇದನ್ನ?”

“ನುಂಗೋಕಾಗಲಿಲ್ಲ.”

“ಚೆನ್ನಾಗಿ ಹೊಡೆದೆ,” ಅತ್ತೆ ಅಂದರು. ದನಿಯಲ್ಲಿ ಅಳುವಿರಲಿಲ್ಲ. “ಜಾಗ ನೋಡಿ ಹೊಡೆದೆ.”

“ಅವರದಿನ್ನೂ ಬಿಟ್ಟಿಲ್ಲ. ತಿಂಗಳ ಕೊನೆಯವರೆಗೆ ಟೈಮಿದೆ. ಮಗನಿಗೆ ಹೇಳಿ, ಉಳಿಸ್ಕೊಳ್ಳಿ.”

“ಗಂಡುಮಗನ ಮುಂದೆ ಇದನ್ನ ಹೇಳೋ ಹಾಗಿದ್ರೆ ಇಷ್ಟು ವರ್ಷ ಯಾಕೆ ಸಾಯ್ತಿದ್ದೆ? ನೀನೂ ಹೇಳಕೂಡದು. ಅವನ ಕಿವಿಗೆ ಬಿತ್ತೋ, ಈ ಮನೆ ಅನ್ನ ಮುಟ್ಟಲ್ಲ ನಾನು.”

ಅಷ್ಟು ಹೇಳಿ ಅತ್ತೆ ಬಗ್ಗಿದರು. ತುಂಬಿದ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕಾಲು ಅಗಲಿಸಿ ಹೆಜ್ಜೆ ಹಾಕುತ್ತ ಒಳಗೆ ಹೋದರು. ಆ ನಡಿಗೆಯನ್ನು ಸೊಸೆ ಹದಿನಾಲ್ಕು ವರ್ಷದಿಂದ ನೋಡಿದ್ದಳು. ಗತ್ತು ಎಂದುಕೊಂಡಿದ್ದಳು.

ಆ ರಾತ್ರಿ ಅವಳು ಹೊಟ್ಟೆ ತುಂಬ ಉಂಡಳು, ಮಲಗಿದಳು, ನಿದ್ದೆಯೂ ಬಂತು. ಮರುದಿನ ಕೆಲಸದಲ್ಲಿ ಅವಳ ಬೆರಳು ಎಂದಿಗಿಂತ ಚುರುಕಾಗಿದ್ದವು. “ಏನೇ, ಗಂಟು ಸಿಕ್ಕಿದ ಹಾಗಿದೆ ಮುಖ?” ಎಂದಳು ಉದ್ದಕ್ಕ. “ಸಿಕ್ತು,” ಎಂದಳು.

ಆದರೆ ಮನೆಯಲ್ಲಿ ಅತ್ತೆ ಬೇರೆಯೇ ಆಟ ಹೂಡಿದ್ದರು. ಅತ್ತು ಕರೆದು ಗೋಗರೆಯುತ್ತಾರೆ ಎಂದುಕೊಂಡಿದ್ದ ಸೊಸೆಗೆ ಅದೊಂದೂ ಕಾಣಿಸಲಿಲ್ಲ. ಅವಳು ಮನೆಯಲ್ಲಿರುವ ಹೊತ್ತು ನೋಡಿಯೇ ಅತ್ತೆ ಭಾರ ಎತ್ತುತ್ತಿದ್ದರು. ಹಂಡೆಗೆ ನೀರು ತುಂಬಿದರು. ಅಕ್ಕಿಯ ಮೂಟೆಯನ್ನು ಮೂಲೆಯಿಂದ ಮೂಲೆಗೆ ಎಳೆದರು. ಕಪಾಟನ್ನು ಸರಿಸಿ ಹಿಂದೆ ಗುಡಿಸಿದರು.

“ಬಿಡಿ ಅತ್ತೆ, ನಾನು ಮಾಡ್ತೀನಿ.”

“ಯಾಕೆ? ನನಗೇನಾಗಿದೆ?”

“ಅಜ್ಜಿಗೆ ಈ ವಯಸ್ಸಲ್ಲೂ ಎಷ್ಟು ಶಕ್ತಿ ನೋಡು,” ಎಂದ ತೂಕದಣ್ಣ ಮಗಳಿಗೆ. “ನಿನಗೆ ಒಂದು ಚೊಂಬು ಎತ್ತೋಕೆ ಸೋಮಾರಿತನ.”

ಸೊಸೆ ಮೂಟೆಯ ಇನ್ನೊಂದು ತುದಿ ಹಿಡಿಯಲು ಬಂದರೆ ಅತ್ತೆ ಅವಳಿಗೆ ಮಾತ್ರ ಕೇಳುವಂತೆ, “ನೋಡ್ಕೋ. ಚೆನ್ನಾಗಿ ನೋಡ್ಕೋ. ನಾನು ಸತ್ತ ಮೇಲೆ ನಿನಗೊಬ್ಬಳಿಗೇ ಗೊತ್ತಿರುತ್ತೆ ಯಾಕೆ ಸತ್ತೆ ಅಂತ,” ಅನ್ನುತ್ತಿದ್ದರು.

ತಿಂಗಳ ಕೊನೆ ಹತ್ತಿರ ಬಂತು. ತೂಕದಣ್ಣ ಗಾಡಿಯ ಬಣ್ಣವನ್ನೂ ಆರಿಸಿದ್ದ. ಗುಬ್ಬಿ ನೀಲಿ ಎಂದಿದ್ದಳು, ಅವನು ಕಪ್ಪು ಎಂದಿದ್ದ. ಅಪ್ಪ ಮಗಳ ವ್ಯಾಜ್ಯ ಊಟದವರೆಗೂ ನಡೆದಿತ್ತು. ಆ ಸಂಜೆ ಮೊಟ್ಟೆಯ ಪಲ್ಯ, ಅನ್ನ. ಸೀಳು ಬಿಟ್ಟ ಮೊಟ್ಟೆಗಳನ್ನು ಕೇಂದ್ರದಲ್ಲಿ ಅಗ್ಗಕ್ಕೆ ಕೊಡುತ್ತಿದ್ದರು.

“ನಾಳೆ ಬರೆದು ಕೊಡ್ತೀನಿ,” ಎಂದ ತೂಕದಣ್ಣ. “ಪಾಲಿಸಿ ಬೇಡ ಅಂತ ನಾಳೆ ಬರೆದು ಕೊಟ್ಟುಬಿಡ್ತೀನಿ.”

“ಕೊಡಪ್ಪ. ತಡ ಯಾಕೆ?” ಅಂದರು ಅತ್ತೆ. ಮಾತು ಮಗನಿಗೆ, ಕಣ್ಣು ಸೊಸೆಯ ಮೇಲೆ.

ಸೊಸೆ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. “ಕೊಡಬೇಡಿ.”

“ಮತ್ತೆ ಶುರುವಾಯ್ತಾ? ಒಂದು ಕಾರಣ ಹೇಳು.”

“ನಿಮ್ಮಮ್ಮನ ಹೆಸರು ನನ್ನದರಲ್ಲಿ ಇಲ್ಲ. ನಮ್ಮಮ್ಮನ್ನ ಬರೆಸಿದೀನಿ.”

ತೂಕದಣ್ಣನ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. “ಏನು? ನನ್ನ ಕೇಳದೆ?”

“ನಾಲ್ಕು ವರ್ಷದ ಹಿಂದೆ ಕೇಳಿದ್ದೆ. ನೀವು ಉಣ್ತಾ ಇದ್ರಿ.”

“ಅದನ್ನ ಇಷ್ಟು ದಿನ ಮುಚ್ಚಿಟ್ಟು... ಎಂಥ ಹೆಂಗಸೇ ನೀನು! ಎಂಥ ಹೆಂಗಸು!”

“ಹೋಗಲಿ ಬಿಡೋ,” ಅತ್ತೆ ಅಡ್ಡ ಬಂದರು. “ಹೆಸರಿಲ್ಲದಿದ್ರೆ ಇಲ್ಲ. ನನಗೇನು ಕಾಯಿಲೆಯೇ, ಕಸಾಲೆಯೇ? ಕಲ್ಲುಗುಂಡಿನ ಹಾಗಿದೀನಿ. ಅವಳಮ್ಮನೇ ತೋರಿಸಿಕೊಳ್ಳಲಿ. ನೀನು ಗಾಡಿ ತಗೋ.”

ತೂಕದಣ್ಣ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಗಾಡಿ ನಡುವೆ ನಿಂತಿತ್ತು. “ಅಮ್ಮನೇ ಹಾಗಂದ ಮೇಲೆ...” ಎಂದ. “ಅವಳೇ ಹಾಗಂದ ಮೇಲೆ, ಒಂದು ವರ್ಷ ತಾನೇ...”

ಅತ್ತೆಯ ತುಟಿಯ ತುದಿಯಲ್ಲಿ ನಗು ಇಣುಕಿತು. ತೀರ ಸಣ್ಣ ನಗು. ಸೊಸೆ ಅದನ್ನು ನೋಡಿದಳು.

“ನಿಮ್ಮಮ್ಮನ ಗರ್ಭಕೋಶ ಜಾರಿದೆ,” ಎಂದಳು. ಬೀದಿಯ ಬಾಗಿಲು ತೆರೆದೇ ಇತ್ತು. ಅವಳು ದನಿ ತಗ್ಗಿಸಲಿಲ್ಲ. “ಹೊರಗೆ ಬಂದಿದೆ. ನೀವು ಹುಟ್ಟಿದಾಗಿನಿಂದ. ಬಟ್ಟೆ ಕಟ್ಕೊಂಡು ಓಡಾಡ್ತಿದಾರೆ. ಹುಣ್ಣಾಗಿದೆ. ಡಾಕ್ಟರು ತೆಗೀಬೇಕು ಅಂದಿದಾರೆ. ಇಲ್ಲದಿದ್ರೆ ಕ್ಯಾನ್ಸರಾಗಬಹುದು. ನಿಮ್ಮ ಗುಮಾಸ್ತ ನಗ್ತಾನೆ ಅಂತ ನಿಮ್ಮ ಪಾಲಿಸಿ ಬಿಡಿಸ್ತಿದಾರೆ. ಸಾಯ್ತೀನಿ ಅಂತ ಕೂತಿದಾರೆ. ಗೊತ್ತಾಯ್ತಾ? ಈಗ ಹೋಗಿ ಗಾಡಿ ತನ್ನಿ.”

ತೂಕದಣ್ಣ ಕಿವಿಯವರೆಗೆ ಕೆಂಪಾಗಿ ತಟ್ಟೆಯನ್ನೇ ನೋಡಿದ. ಗುಬ್ಬಿ ಅಜ್ಜಿಯನ್ನು, ಅಮ್ಮನನ್ನು ನೋಡಿ, ಎದ್ದು ಹೋಗಿ ಬೀದಿ ಬಾಗಿಲು ಮುಚ್ಚಿ ಬಂದಳು.

ಅತ್ತೆ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. ಅದು ಹೋಗಿ ಪಲ್ಯದ ಪಾತ್ರೆಗೆ ಬಡಿಯಿತು. “ಸೇಡು ತೀರಿತಾ?”

“ಅರ್ಧ ತೀರಿತು.”

“ಹಾಳಾಗಿ ಹೋಗ್ತೀಯ ನೀನು. ಮಗನ ಮುಂದೆ ನನ್ನ ಬೆತ್ತಲೆ ಮಾಡಿದ್ಯಲ್ಲೇ!”

“ಮಾಡಿದೆ. ಉಣ್ಣಿ. ಆಪರೇಷನ್ನಿಗೆ ಮೈಯಲ್ಲಿ ರಕ್ತ ಬೇಕು.”

ಅತ್ತೆ ಉಣ್ಣಲಿಲ್ಲ. ಮೂರು ಹೊತ್ತು ಆ ಮನೆಯ ಅನ್ನ ಮುಟ್ಟಲಿಲ್ಲ. ನಾಲ್ಕನೆಯ ಹೊತ್ತಿಗೆ ಗುಬ್ಬಿ ಬ್ರೆಡ್ಡು ತಂದುಕೊಟ್ಟು, “ಇದು ಅಂಗಡಿಯದು ಅಜ್ಜಿ, ಮನೆಯದಲ್ಲ,” ಅಂದಳು. ಆಣೆಗೆ ಅಡ್ಡಿಯಾಗದಂತೆ ಅತ್ತೆ ಅದನ್ನು ಹಾಲಿನಲ್ಲಿ ಅದ್ದಿ ತಿಂದರು. ಸೊಸೆಯ ಜೊತೆ ಮಾತು ನಿಂತುಹೋಯಿತು. ಏನಿದ್ದರೂ ಮೊಮ್ಮಗಳ ಮೂಲಕ.

“ಗುಬ್ಬಿ, ನಿಮ್ಮಮ್ಮನಿಗೆ ಹೇಳು, ನೀರು ಉಕ್ತಿದೆ ಅಂತ.”

“ಅಮ್ಮ, ನೀರು ಉಕ್ತಿದೆಯಂತೆ.”

“ಕೇಳಿಸ್ತು ಅನ್ನು.”

“ಕೇಳಿಸಿತಂತೆ ಅಜ್ಜಿ. ನನಗೆ ಸಂಬಳ ಕೊಡ್ತೀರಾ ಇಬ್ಬರೂ?”

ತೂಕದಣ್ಣ ಪಾಲಿಸಿ ಬಿಡಲಿಲ್ಲ. ಹೆಚ್ಚಿನ ಕಡಿತಕ್ಕೆ ಸಹಿ ಹಾಕಿದ. ಆಪರೇಷನ್ನಿನ ಖರ್ಚಿಗೆ ವಿಮೆಯವರ ಮುಂಗಡ ಒಪ್ಪಿಗೆ ಬೇಕೆಂದು ಆಸ್ಪತ್ರೆಯ ಚೀಟಿ ಕೊಟ್ಟ ದಿನ ಗುಮಾಸ್ತ ಅದನ್ನು ಎತ್ತಿ ಹಿಡಿದು, “ಏನಣ್ಣ ಇದು, ಗರ್ಭ...” ಎಂದು ದೊಡ್ಡ ದನಿಯಲ್ಲಿ ಶುರು ಮಾಡಿದನಂತೆ. ತೂಕದಣ್ಣ ಚೀಟಿಯ ಮೇಲೆ ಅಂಗೈಯಿಟ್ಟು, “ನಿಮ್ಮಮ್ಮನಿಗೆ ಇರಲಿಲ್ವಾ? ನೀನೇನು ಲಾರಿಯಲ್ಲಿ ಬಂದ್ಯಾ?” ಎಂದನಂತೆ. ಈ ಒಂದು ಮಾತನ್ನು ಮಾತ್ರ ಅವನು ಮನೆಯಲ್ಲಿ ಎರಡು ಸಲ ಅಲ್ಲ, ನಾಲ್ಕು ಸಲ ಹೇಳಿದ. ಆದರೂ ಸುದ್ದಿ ಟೀ ಅಂಗಡಿಗೆ ಹೋಯಿತು, ಅಲ್ಲಿಂದ ಬೀದಿಗೆ ಬಂತು. ಹಿಂದಿನ ಬೀದಿಯ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಗೊತ್ತಾಗದಂತೆ ಬಂದು ಅತ್ತೆಯ ಹತ್ತಿರ ಆ ಲೇಡಿ ಡಾಕ್ಟರ ವಿಳಾಸ ಕೇಳಿಕೊಂಡು ಹೋದರು. ಅತ್ತೆ ವಿಳಾಸ ಕೊಟ್ಟರು. ಕೊಟ್ಟು, “ಊರಿಗೆಲ್ಲ ಡಂಗುರ ಹೊಡೆಸಿದ ಮಹಾತಾಯಿ ಒಳಗಿದಾಳೆ, ಅವಳಿಗೆ ಹೇಳಿ ಥ್ಯಾಂಕ್ಸು,” ಅಂದರು.

ಸೊಸೆಯ ತಾಯಿ ಫೋನಿನಲ್ಲಿ ಮಗಳನ್ನು ತರಾಟೆಗೆ ತೆಗೆದುಕೊಂಡಳು. “ಕೈಗೆ ಸಿಕ್ಕವಳನ್ನ ಯಾಕೆ ಬಿಟ್ಟೆ? ಕನಿಕರ ಬಂತಾ?”

“ಕನಿಕರವೂ ಇಲ್ಲ, ಕಾಗಕ್ಕನೂ ಇಲ್ಲ,” ಎಂದಳು ಮಗಳು. “ಅವರು ಸತ್ತುಹೋದ್ರೆ ಯಾರ ಮೇಲೆ ತೀರಿಸ್ಕೊಳ್ಳಲಿ? ನೀನು ಬಟ್ಟೆಬರೆ ಚೀಲಕ್ಕೆ ತುಂಬ್ಕೋ. ಕಣ್ಣು ತೋರಿಸೋಕೆ ಮುಂದಿನ ವಾರ ಇಲ್ಲಿಗೇ ಬರ್ತಿದ್ದೀಯ. ನಮ್ಮ ಮನೆಯಲ್ಲೇ ಇರ್ತೀಯ.”

“ನಿಮ್ಮತ್ತೆ ಒಪ್ತಾಳಾ?”

“ಹಾಸಿಗೆ ಹಿಡಿದಿರ್ತಾರೆ. ಎದ್ದು ಓಡಿಸೋಕಾಗಲ್ಲ.”

ಆಪರೇಷನ್ನಿನ ಬೆಳಿಗ್ಗೆ ತೂಕದಣ್ಣ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ. ಹೆಂಗಸರ ವಾರ್ಡಿನಲ್ಲಿ ಅತ್ತೆ ಹಸಿರು ಅಂಗಿ ತೊಟ್ಟು, ಕೂದಲಿಗೆ ಟೊಪ್ಪಿಗೆ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ಕಿವಿಯ ಓಲೆ ಬಿಚ್ಚಿಕೊಡಿ ಎಂದಳು ನರ್ಸು. ಅತ್ತೆಯ ಬೆರಳಿಗೆ ತಿರುಪು ಸಿಗಲಿಲ್ಲ. ಸೊಸೆ ಮುಂದೆ ಬಂದಳು. ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೇ ಕಿವಿ ಕೊಟ್ಟರು. ಮರಿಯ ರೆಕ್ಕೆ ಬಿಡಿಸುವ ಬೆರಳಿಗೆ ಆ ತಿರುಪು ಎಷ್ಟರದು! ಎರಡೂ ಓಲೆ ಅಂಗೈಗೆ ಬಂದವು.

“ಇವರು ಮಗಳಾ ಅಜ್ಜಿ?” ನರ್ಸು ಕೇಳಿದಳು.

“ಮಗಳಲ್ಲ, ಸೊಸೆ. ನನ್ನ ಮಾನ ತೆಗೆದವಳು.”

ನರ್ಸು ಸೊಸೆಯ ಮುಖ ನೋಡಿದಳು. “ಹೌದು, ನಾನೇ,” ಎಂದಳು ಸೊಸೆ. “ಎಲ್ಲಿ ಸಹಿ ಹಾಕಬೇಕು?”

ತಳ್ಳುಗಾಡಿ ಬಂತು. ಅತ್ತೆಯನ್ನು ಮಲಗಿಸಿದರು. ಓಣಿಯುದ್ದಕ್ಕೂ ಸೊಸೆ ಪಕ್ಕದಲ್ಲಿ ನಡೆದಳು. ದೊಡ್ಡ ಬಾಗಿಲಿನ ಹತ್ತಿರ, ಇನ್ನು ಮುಂದೆ ಬರಬೇಡಿ ಎಂದರು. ಆಗ ಅತ್ತೆ ಎಷ್ಟೋ ವಾರಗಳ ಮೇಲೆ ಅವಳನ್ನು ನೇರವಾಗಿ ಮಾತಾಡಿಸಿದರು.

“ಬದುಕಿ ಬಂದ್ರೆ ನಿನ್ನ ಸುಮ್ಮನೆ ಬಿಡಲ್ಲ.”

“ಬನ್ನಿ ಮೊದಲು.”

“ನಿಮ್ಮಮ್ಮ ನನ್ನ ಕೋಣೇಲಿ ಬಂದು ಕೂತಿರ್ತಾಳಂತಲ್ಲ? ಬರ್ತೀನಿ ಇರು. ಇಬ್ಬರಿಗೂ ಇದೆ.”

“ಅವಳೂ ರೆಡಿಯಾಗೇ ಬರ್ತಿದಾಳೆ.”

ಅತ್ತೆ ಇನ್ನೂ ಏನೋ ಹೇಳುತ್ತಿದ್ದರು. ಬಾಗಿಲು ಮುಚ್ಚಿಕೊಂಡಿತು. ಬಾಗಿಲಾಚೆಯಿಂದಲೂ ಆ ದನಿ ಒಂದಿಷ್ಟು ದೂರ ಕೇಳಿಸಿತು, ಯಾರನ್ನೋ ಗದರಿಸುತ್ತಿದ್ದ ಹಾಗೆ. ಆಮೇಲೆ ಕೇಳಿಸಲಿಲ್ಲ.

ಸೊಸೆ ಓಲೆಗಳನ್ನು ಕರವಸ್ತ್ರದಲ್ಲಿ ಗಂಟು ಹಾಕಿ ಒಳಗಿಟ್ಟುಕೊಂಡಳು. ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಳು. ನಂತರ ಎದ್ದು ಕೆಳಗಿನ ಕ್ಯಾಂಟೀನಿಗೆ ಹೋಗಿ ಅನ್ನ ಪಲ್ಯ ಹೇಳಿದಳು. ಬಡಿಸಿದವನನ್ನು ಮತ್ತೆ ಕರೆದು, ಇನ್ನಷ್ಟು ಹಾಕು ಎಂದು ತಟ್ಟೆ ಮುಂದಕ್ಕೊಡ್ಡಿದಳು. ಅತ್ತೆ ಎದ್ದು ಬರುವುದಕ್ಕೆ ಇನ್ನೂ ಹೊತ್ತಿತ್ತು. ಬಂದ ಮೇಲೆ ನಡೆಯಲಿರುವ ಜಗಳಕ್ಕೆ ಮೈಯಲ್ಲಿ ಶಕ್ತಿ ಬೇಕಿತ್ತು.